ಥಿಯೋಡರ್ ಬಿ. ಟೇಲರ್

ಥಿಯೋಡರ್ ಬ್ರೂಸ್ಟರ್ ಟೇಲರ್ (ಜುಲೈ 11, 1925 – ಅಕ್ಟೋಬರ್ 28, 2004) ಅಮೆರಿಕದ ಸೈದ್ಧಾಂತಿಕ ಭೌತವಿಜ್ಞಾನಿ ಹಾಗೂ ಪರಮಾಣು ಅಸ್ತ್ರಗಳ ವಿನ್ಯಾಸಕಾರ. ಟೆಡ್ ಟೇಲರ್ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತರಾದ ಇವರು ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ತಮ್ಮ ಕಾಲದ ಅತ್ಯಂತ ಚಿಕ್ಕ ವಿದಳನ ಬಾಂಬುಗಳನ್ನೂ ಅತ್ಯಂತ ದೊಡ್ಡ ವಿದಳನ ಬಾಂಬನ್ನೂ ರೂಪಿಸಿದರು. 1960ರ ದಶಕದ ಮಧ್ಯಭಾಗದಿಂದ ಅವರು ಅಸ್ತ್ರ ವಿನ್ಯಾಸವನ್ನು ತೊರೆದು, ಪರಮಾಣು ಸ್ಥಾವರಗಳಿಂದ ಹಾಗೂ ಸಾಗಣೆಯ ವಾಹನಗಳಿಂದ ವಿದಳನಶೀಲ ವಸ್ತುಗಳು ಕಳುವಾಗುವ ಅಪಾಯವನ್ನು ಸರ್ಕಾರಗಳ ಗಮನಕ್ಕೆ ತರುವ ಕಾರ್ಯದಲ್ಲಿ ತೊಡಗಿದರು. 1974ರಲ್ಲಿ ಮೇಸನ್ ವಿಲ್ರಿಚ್ ಅವರೊಡನೆ ಬರೆದ 'ನ್ಯೂಕ್ಲಿಯರ್ ಥೆಫ್ಟ್: ರಿಸ್ಕ್ಸ್ ಅಂಡ್ ಸೇಫ್‌ಗಾರ್ಡ್ಸ್' ಎಂಬ ಗ್ರಂಥವು ಪರಮಾಣು ಭದ್ರತೆಯನ್ನು ಪ್ರತ್ಯೇಕ ಅಧ್ಯಯನ ಕ್ಷೇತ್ರವನ್ನಾಗಿ ರೂಪಿಸಿದ ಕೃತಿಗಳಲ್ಲಿ ಒಂದು. ಪರಮಾಣು ಸ್ಥಾವರಗಳಿಗೆ ಇರುವ ಬೆದರಿಕೆಯನ್ನು ವ್ಯವಸ್ಥಿತವಾಗಿ ಅಳೆಯುವಂತೆ ವಿವಿಧ ದೇಶಗಳ ಅಧಿಕಾರಿಗಳಿಗೆ ಇಂದು ನೀಡಲಾಗುತ್ತಿರುವ ತರಬೇತಿಯ ಹಿನ್ನೆಲೆಯಲ್ಲಿ ಅವರು ಎತ್ತಿದ ಪ್ರಶ್ನೆಗಳೂ ಇವೆ.

ಆರಂಭಿಕ ಜೀವನ ಮತ್ತು ವಿದ್ಯಾಭ್ಯಾಸ

ಟೇಲರ್ ಮೆಕ್ಸಿಕೋ ನಗರದಲ್ಲಿ ಅಮೆರಿಕನ್ ದಂಪತಿಗಳ ಮಗನಾಗಿ ಜನಿಸಿದರು. ತಂದೆ ಆ ನಗರದ ವೈಎಂಸಿಎ ಸಂಸ್ಥೆಯ ನಿರ್ದೇಶಕರಾಗಿದ್ದರು. ತಾಯಿಯ ತಂದೆತಾಯಿಗಳು ಮೆಕ್ಸಿಕೋದಲ್ಲಿ ಕ್ರೈಸ್ತ ಮಿಷನರಿಗಳಾಗಿ ಕಾರ್ಯ ನಿರ್ವಹಿಸಿದ್ದರು. ಬಾಲ್ಯದಲ್ಲಿ ರಸಾಯನಶಾಸ್ತ್ರದ ಪ್ರಯೋಗಗಳು, ವಿಶೇಷವಾಗಿ ಸಣ್ಣಪುಟ್ಟ ಸ್ಫೋಟಗಳನ್ನು ಉಂಟುಮಾಡುವ ಪ್ರಯೋಗಗಳು, ಟೇಲರ್ ಅವರಿಗೆ ಬಹು ಪ್ರಿಯವಾಗಿದ್ದವು. ಬಿಲಿಯರ್ಡ್ಸ್ ಆಟದಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಮೆಕ್ಸಿಕೋ ನಗರದ ಅಮೆರಿಕನ್ ಶಾಲೆಯಲ್ಲಿ 15ನೆಯ ವಯಸ್ಸಿಗೇ ಪ್ರೌಢಶಿಕ್ಷಣವನ್ನು ಪೂರೈಸಿ, ಅಮೆರಿಕಕ್ಕೆ ತೆರಳಿ ಒಂದು ವರ್ಷ ಎಕ್ಸಟರ್ ಅಕಾಡೆಮಿಯಲ್ಲಿ ಓದಿದರು. ಆಧುನಿಕ ಭೌತಶಾಸ್ತ್ರದ ಪರಿಚಯವಾದದ್ದು ಅಲ್ಲಿಯೇ.

1942ರಲ್ಲಿ ಅವರು ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು ಸೇರಿದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದುದರಿಂದ ನೌಕಾಪಡೆಯ ತರಬೇತಿ ಕಾರ್ಯಕ್ರಮದ ಅಡಿಯಲ್ಲಿ ವಿದ್ಯಾಭ್ಯಾಸ ಮುಂದುವರಿಸಿ, 1945ರಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಅದೇ ವರ್ಷದ ಆಗಸ್ಟ್‌ನಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದ ಸುದ್ದಿ ಬಂದಾಗ ಅವರು ನ್ಯೂಯಾರ್ಕಿನ ನೌಕಾ ತರಬೇತಿ ಶಾಲೆಯಲ್ಲಿದ್ದರು. 1946ರಲ್ಲಿ ನೌಕಾಪಡೆಯಿಂದ ಬಿಡುಗಡೆ ಹೊಂದಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ಸೇರಿದರು.

ಬರ್ಕ್ಲಿಯಲ್ಲಿ ಪಿಎಚ್.ಡಿ. ಪದವಿಗೆ ಮುನ್ನ ನಡೆಯುವ ಮೌಖಿಕ ಪರೀಕ್ಷೆಯಲ್ಲಿ ಅವರು ಅನುತ್ತೀರ್ಣರಾದರು. ವಿದ್ಯಾಭ್ಯಾಸ ಅಲ್ಲಿಗೇ ನಿಂತಿತು. ಆಗಲೇ ವಿವಾಹವಾಗಿದ್ದ ಅವರಿಗೆ ಉದ್ಯೋಗದ ಅಗತ್ಯವಿತ್ತು. ಭೌತವಿಜ್ಞಾನಿ ರಾಬರ್ಟ್ ಸರ್ಬರ್ ಅವರ ಶಿಫಾರಸಿನಿಂದ 1949ರಲ್ಲಿ ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್ ಪ್ರಯೋಗಾಲಯದ ಸೈದ್ಧಾಂತಿಕ ವಿಭಾಗದಲ್ಲಿ ಕೆಲಸ ದೊರೆಯಿತು. ಜೆ. ಕಾರ್ಸನ್ ಮಾರ್ಕ್ ಆ ವಿಭಾಗದ ಮುಖ್ಯಸ್ಥರಾಗಿದ್ದರು. ಮುಂದೆ ಪ್ರಯೋಗಾಲಯದ ಪ್ರೋತ್ಸಾಹದಿಂದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ, ಹಾನ್ಸ್ ಬೆಥೆ ಅವರ ಮಾರ್ಗದರ್ಶನದಲ್ಲಿ 1954ರಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು.

ಲಾಸ್ ಅಲಮೋಸ್‌ನಲ್ಲಿ ಅಸ್ತ್ರ ವಿನ್ಯಾಸ

1949ರಿಂದ 1956ರವರೆಗಿನ ಅವಧಿಯಲ್ಲಿ ಟೇಲರ್ ವಿದಳನ ಬಾಂಬುಗಳ ವಿನ್ಯಾಸದಲ್ಲಿ ಅಸಾಧಾರಣ ಪ್ರತಿಭೆಯನ್ನು ತೋರಿದರು. ಪರೀಕ್ಷೆಯಲ್ಲಿ ಸೋತು ಬಂದ ತರುಣನು ಕೆಲವೇ ವರ್ಷಗಳಲ್ಲಿ ಪ್ರಯೋಗಾಲಯದ ಪ್ರಮುಖ ವಿನ್ಯಾಸಕಾರರಲ್ಲಿ ಒಬ್ಬನಾದನು. ಕಡಿಮೆ ತೂಕ, ಕಡಿಮೆ ಗಾತ್ರ ಮತ್ತು ಕಡಿಮೆ ವಿದಳನಶೀಲ ವಸ್ತು ಬಳಸಿ ಸ್ಫೋಟವನ್ನು ಸಾಧಿಸುವುದು ಅವರ ವಿಶೇಷ ಆಸಕ್ತಿಯಾಗಿತ್ತು.

ಅವರ ವಿನ್ಯಾಸಗಳಲ್ಲಿ ಸೂಪರ್ ಓರಲಾಯ್ ಎಂಬ ಬಾಂಬು ಒಂದು ತುದಿಯಲ್ಲಿ ನಿಲ್ಲುತ್ತದೆ. ಶಾಂತಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ 1952ರ ನವೆಂಬರ್ 16ರಂದು 'ಐವಿ ಕಿಂಗ್' ಎಂಬ ಹೆಸರಿನಲ್ಲಿ ನಡೆದ ಅದರ ಪರೀಕ್ಷೆಯು 500 ಕಿಲೋಟನ್ ಶಕ್ತಿಯನ್ನು ಹೊರಸೂಸಿತು. ಅಮೆರಿಕವು ಪರೀಕ್ಷಿಸಿದ ಶುದ್ಧ ವಿದಳನ ಬಾಂಬುಗಳಲ್ಲಿ ಇದೇ ಅತ್ಯಂತ ಪ್ರಬಲವಾದುದು. ಇದರ ಶಕ್ತಿ ಹಿರೋಶಿಮಾ ಬಾಂಬಿನ ಶಕ್ತಿಯ 30 ಪಟ್ಟಿಗಿಂತಲೂ ಹೆಚ್ಚು. ಇನ್ನೊಂದು ತುದಿಯಲ್ಲಿ, ಕಾಲಾಳು ಸೈನಿಕರು ಹೊತ್ತೊಯ್ಯಬಹುದಾದ 'ಡೇವಿ ಕ್ರಾಕೆಟ್' ಅಸ್ತ್ರಕ್ಕೆ ದಾರಿಮಾಡಿದ ಕಿರು ವಿನ್ಯಾಸಗಳಿವೆ. ನಾಗಾಸಾಕಿಯ ಮೇಲೆ ಹಾಕಿದ ಬಾಂಬು 4,500 ಕಿಲೋಗ್ರಾಂಗೂ ಹೆಚ್ಚು ತೂಗುತ್ತಿದ್ದರೆ, ಡೇವಿ ಕ್ರಾಕೆಟ್‌ನ ಸಿಡಿತಲೆಯ ತೂಕ ಸುಮಾರು 23 ಕಿಲೋಗ್ರಾಂ ಮಾತ್ರ.

1952ರಲ್ಲಿ ನೆವಾಡಾ ಮರುಭೂಮಿಯಲ್ಲಿ ನಡೆದ ಪರೀಕ್ಷೆಯೊಂದರ ಸಂದರ್ಭದಲ್ಲಿ ಟೇಲರ್ ನಿಮ್ನ ದರ್ಪಣವೊಂದನ್ನು ಇರಿಸಿ, ಸ್ಫೋಟದ ಬೆಳಕನ್ನು ಕೇಂದ್ರೀಕರಿಸಿ ಸಿಗರೇಟು ಹೊತ್ತಿಸಿಕೊಂಡ ಪ್ರಸಂಗ ಪ್ರಸಿದ್ಧವಾಗಿದೆ. ಆ ಕಾಲದ ವಿನ್ಯಾಸಕಾರರು ತಮ್ಮ ಕೆಲಸವನ್ನು ಎಷ್ಟು ಹಗುರವಾಗಿ, ಒಂದು ಬೌದ್ಧಿಕ ಆಟವೆಂಬಂತೆ ಕಾಣುತ್ತಿದ್ದರೆಂಬುದಕ್ಕೆ ಇದನ್ನು ನಿದರ್ಶನವಾಗಿ ಹೇಳಲಾಗುತ್ತದೆ. 1950ರಲ್ಲಿ ತಮ್ಮ ಮಗುವೊಂದು ಜನಿಸಿದ ಸಮಯದಲ್ಲಿ ಟೇಲರ್ ಪತ್ನಿಯ ಬಳಿ ಇರಲಿಲ್ಲ. ಪೆಂಟಗನ್ ಕಚೇರಿಯಲ್ಲಿ ಕುಳಿತು, ಬಾಂಬಿನ ಗುರಿಯಾಗಿ ಮಾಸ್ಕೋ ನಗರದ ವೈಮಾನಿಕ ಚಿತ್ರಗಳನ್ನು ಪರಿಶೀಲಿಸುತ್ತಿದ್ದರು. ದಶಕಗಳ ನಂತರ ಮಾಸ್ಕೋಗೆ ಭೇಟಿ ನೀಡಿ ಕೆಂಪು ಚೌಕದಲ್ಲಿ ನಿಂತಾಗ, ಅಂದು ಚಿತ್ರದಲ್ಲಿ ಗುರುತು ಹಾಕಿದ್ದ ಸ್ಥಳದಲ್ಲಿ ಸಾಮಾನ್ಯ ಜನರು ಓಡಾಡುತ್ತಿರುವುದನ್ನು ಕಂಡು ಅವರು ಕಣ್ಣೀರಿಟ್ಟರು. ಈ ಪ್ರಸಂಗವನ್ನು ಅವರೇ ಮುಂದೆ ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ.

ಜನರಲ್ ಅಟಾಮಿಕ್ ಮತ್ತು ಓರಿಯನ್ ಯೋಜನೆ

1956ರಲ್ಲಿ ಟೇಲರ್ ಲಾಸ್ ಅಲಮೋಸ್ ತೊರೆದು, ಸ್ಯಾನ್ ಡಿಯಾಗೋದ ಜನರಲ್ ಅಟಾಮಿಕ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಫ್ರೀಮನ್ ಡೈಸನ್ ಮತ್ತು ಎಡ್ವರ್ಡ್ ಟೆಲ್ಲರ್ ಮೊದಲಾದವರೊಡನೆ 'ಟ್ರೈಗಾ' ಎಂಬ ಸಂಶೋಧನಾ ರಿಯಾಕ್ಟರಿನ ವಿನ್ಯಾಸದಲ್ಲಿ ಪಾಲ್ಗೊಂಡರು. ಇಂಧನವು ಬಿಸಿಯಾದಂತೆ ಸರಪಳಿ ಕ್ರಿಯೆ ತಾನಾಗಿಯೇ ಕುಗ್ಗುವ ಗುಣವುಳ್ಳ ಈ ರಿಯಾಕ್ಟರು ಅನೇಕ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಮತ್ತು ಸಂಶೋಧನಾ ಕೇಂದ್ರಗಳಲ್ಲಿ ಸ್ಥಾಪನೆಗೊಂಡಿತು.

1957ರಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ನಂತರ, ಸರಣಿ ಪರಮಾಣು ಸ್ಫೋಟಗಳ ತಳ್ಳುವಿಕೆಯಿಂದ ಬೃಹತ್ ಅಂತರಿಕ್ಷ ನೌಕೆಯನ್ನು ಚಲಿಸಬಹುದೆಂಬ ಕಲ್ಪನೆಯನ್ನು ಟೇಲರ್ ಕೈಗೆತ್ತಿಕೊಂಡರು. ಇದರ ಮೂಲ ಚಿಂತನೆ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಅವರದು. 1958ರಲ್ಲಿ ಸರ್ಕಾರದ ಧನಸಹಾಯ ದೊರೆತು 'ಓರಿಯನ್ ಯೋಜನೆ' ಆರಂಭವಾಯಿತು. ಡೈಸನ್ ಸಹ ಅದರಲ್ಲಿ ಸೇರಿಕೊಂಡರು. 1959ರ ನವೆಂಬರ್‌ನಲ್ಲಿ ಸಾಮಾನ್ಯ ರಾಸಾಯನಿಕ ಸ್ಫೋಟಕಗಳನ್ನು ಬಳಸಿದ ಚಿಕ್ಕ ಮಾದರಿಯೊಂದು ಯಶಸ್ವಿಯಾಗಿ ಹಾರಿತು. ಆದರೆ ವಾಯುಮಂಡಲದಲ್ಲಿ ಮತ್ತು ಅಂತರಿಕ್ಷದಲ್ಲಿ ಪರಮಾಣು ಸ್ಫೋಟಗಳನ್ನು ನಿಷೇಧಿಸಿದ 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದದಿಂದ ಯೋಜನೆಯ ಭವಿಷ್ಯ ಮಸುಕಾಯಿತು. ಅದು 1965ರಲ್ಲಿ ಮುಕ್ತಾಯಗೊಂಡಿತು. ಅದೇ ವರ್ಷ ಅಮೆರಿಕದ ಪರಮಾಣು ಶಕ್ತಿ ಆಯೋಗವು ಟೇಲರ್ ಅವರಿಗೆ ಅರ್ನೆಸ್ಟ್ ಓರ್ಲಾಂಡೋ ಲಾರೆನ್ಸ್ ಪ್ರಶಸ್ತಿಯನ್ನು ನೀಡಿತು.

ಪೆಂಟಗನ್‌ನಿಂದ ವಿಯೆನ್ನಾಕ್ಕೆ

1964ರಿಂದ 1966ರವರೆಗೆ ಟೇಲರ್ ರಕ್ಷಣಾ ಇಲಾಖೆಗೆ ಸೇರಿದ ಡಿಫೆನ್ಸ್ ಅಟಾಮಿಕ್ ಸಪೋರ್ಟ್ ಏಜೆನ್ಸಿಯ ಉಪನಿರ್ದೇಶಕರಾಗಿದ್ದರು. ದೇಶದ ಅಸ್ತ್ರಸಂಗ್ರಹದ ಒಟ್ಟು ಸ್ವರೂಪವನ್ನು ಸಮೀಪದಿಂದ ಕಂಡ ಈ ಅವಧಿಯು ಅವರ ಜೀವನದ ತಿರುವಾಯಿತು. ತಾವು ರೂಪಿಸುತ್ತಿದ್ದ ಅಸ್ತ್ರಗಳು ಯುದ್ಧವನ್ನು ತಡೆಯುತ್ತವೆ ಎಂಬ ಅವರ ಹಿಂದಿನ ನಂಬಿಕೆ ಸಡಿಲವಾಯಿತು. ಬಾಂಬುಗಳನ್ನು ಚಿಕ್ಕದಾಗಿಸುವ ತಮ್ಮ ಜ್ಞಾನವು ಯಾವುದೇ ಸರ್ಕಾರದ ನಿಯಂತ್ರಣದಲ್ಲಿಲ್ಲದ ಗುಂಪುಗಳ ಕೈಸೇರಿದರೆ ಆಗಬಹುದಾದ ಅನಾಹುತವು ಅವರನ್ನು ಚಿಂತೆಗೀಡುಮಾಡಿತು.

1966ರಲ್ಲಿ ಅವರು ಕುಟುಂಬದೊಡನೆ ವಿಯೆನ್ನಾಕ್ಕೆ ತೆರಳಿದರು. 1957ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಕೇಂದ್ರ ಕಚೇರಿ ಅಲ್ಲಿದೆ. ಅಮೆರಿಕದ ಪರಮಾಣು ಶಕ್ತಿ ಆಯೋಗದ ಸಲಹೆಗಾರರಾಗಿ ಅವರು ಆ ಸಂಸ್ಥೆಯ ಸುರಕ್ಷೋಪಾಯ ವ್ಯವಸ್ಥೆಯನ್ನು ಅಧ್ಯಯನ ಮಾಡಿದರು. ಇದೇ ಅವಧಿಯಲ್ಲಿ ಇಂಟರ್‌ನ್ಯಾಷನಲ್ ರಿಸರ್ಚ್ ಅಂಡ್ ಟೆಕ್ನಾಲಜಿ ಕಾರ್ಪೊರೇಷನ್ ಎಂಬ ಸಲಹಾ ಸಂಸ್ಥೆಯನ್ನೂ ಸ್ಥಾಪಿಸಿದರು.

ವಿಯೆನ್ನಾದಲ್ಲಿ ಅವರಿಗೆ ಮುಖ್ಯ ಕೊರತೆಯೊಂದು ಕಂಡುಬಂದಿತು. ಸಂಸ್ಥೆಯ ಸುರಕ್ಷೋಪಾಯಗಳು ಮೂಲತಃ ಲೆಕ್ಕಪರಿಶೋಧನೆಯ ಸ್ವರೂಪದವು. ಒಂದು ರಾಷ್ಟ್ರವು ಶಾಂತಿಯುತ ಉದ್ದೇಶಕ್ಕೆಂದು ಘೋಷಿಸಿದ ಯುರೇನಿಯಂ ಅಥವಾ ಪ್ಲುಟೋನಿಯಂ ಅನ್ನು ಗುಪ್ತವಾಗಿ ಅಸ್ತ್ರ ತಯಾರಿಕೆಗೆ ತಿರುಗಿಸಿದರೆ ಅದನ್ನು ಪತ್ತೆಹಚ್ಚುವುದು ಅವುಗಳ ಉದ್ದೇಶ. ಬಾಗಿಲು ಒಡೆದು ಬರುವ ದರೋಡೆಕೋರನನ್ನು ಅವು ತಡೆಯಲಾರವು. ಸಂಸ್ಥೆಯ ನಿರೀಕ್ಷಕರಿಗೆ ಕಾವಲಿನ ಅಧಿಕಾರವೂ ಇರಲಿಲ್ಲ. ವಸ್ತುಗಳನ್ನು ಭೌತಿಕವಾಗಿ ಕಾಯುವ ಹೊಣೆ ಆಯಾ ರಾಷ್ಟ್ರದ್ದೇ ಆಗಿದ್ದರೂ, ಆ ಕಾವಲು ಹೇಗಿರಬೇಕೆಂಬುದಕ್ಕೆ ಯಾವುದೇ ಅಂತರರಾಷ್ಟ್ರೀಯ ಮಾನದಂಡ ಆಗ ಇರಲಿಲ್ಲ.

ಅಮೆರಿಕದಲ್ಲಿಯೂ ಸ್ಥಿತಿ ಉತ್ತಮವಾಗಿರಲಿಲ್ಲ. 1964ರ ಕಾನೂನು ವಿದಳನಶೀಲ ವಸ್ತುಗಳ ಖಾಸಗಿ ಒಡೆತನಕ್ಕೆ ಅವಕಾಶ ನೀಡಿತ್ತು. ವಸ್ತುವಿನ ಬೆಲೆ ಹೆಚ್ಚಾಗಿರುವುದರಿಂದ ಮಾಲೀಕರು ತಾವಾಗಿಯೇ ಅದನ್ನು ಜಾಗ್ರತೆಯಿಂದ ಕಾಯುತ್ತಾರೆ ಎಂಬುದು ಆಯೋಗದ ಗ್ರಹಿಕೆಯಾಗಿತ್ತು. ರಾಲ್ಫ್ ಲಮ್ ಅವರ ಅಧ್ಯಕ್ಷತೆಯ ಸಲಹಾ ಸಮಿತಿಯು 1967ರ ಮಾರ್ಚ್‌ನಲ್ಲಿ ಸಲ್ಲಿಸಿದ ವರದಿಯು ಈ ಗ್ರಹಿಕೆಯನ್ನು ಪ್ರಶ್ನಿಸಿ, ಭಯೋತ್ಪಾದಕರಿಂದಲೂ ಅಪರಾಧಿ ಗುಂಪುಗಳಿಂದಲೂ ಕಳ್ಳತನ ನಡೆಯುವ ಸಾಧ್ಯತೆಯನ್ನು ಪರಿಗಣಿಸಬೇಕೆಂದು ಸೂಚಿಸಿತು.

ಪರಮಾಣು ಕಳ್ಳತನದ ಅಧ್ಯಯನ

ವಿಯೆನ್ನಾದಿಂದ ಹಿಂತಿರುಗಿದ ಟೇಲರ್, ವಿದಳನಶೀಲ ವಸ್ತುಗಳನ್ನು ಸಂಸ್ಕರಿಸುವ, ಸಂಗ್ರಹಿಸುವ ಮತ್ತು ಸಾಗಿಸುವ ವ್ಯವಸ್ಥೆಯನ್ನು ಖುದ್ದಾಗಿ ಪರಿಶೀಲಿಸತೊಡಗಿದರು. ಅವರ ವಿಧಾನವು ಆ ಕಾಲಕ್ಕೆ ಹೊಸದು. ನಿಯಮಾವಳಿಯಲ್ಲಿ ಏನಿದೆ ಎಂಬುದರಿಂದ ಆರಂಭಿಸದೆ, ಕಳ್ಳನ ಸ್ಥಾನದಲ್ಲಿ ನಿಂತು ಅವರು ಸ್ಥಾವರವನ್ನು ನೋಡುತ್ತಿದ್ದರು. ಬೇಲಿ ಎಷ್ಟು ಎತ್ತರವಿದೆ, ಕಾವಲುಗಾರರು ಎಷ್ಟು ಮಂದಿ, ಅವರ ಬಳಿ ಆಯುಧಗಳಿವೆಯೇ, ಎಚ್ಚರಿಕೆಯ ಗಂಟೆ ಬಾರಿಸಿದ ಎಷ್ಟು ಹೊತ್ತಿಗೆ ಪೊಲೀಸರು ಬರುತ್ತಾರೆ, ಒಳಗೆ ಕೆಲಸ ಮಾಡುವವನೇ ಕಳ್ಳನಾದರೆ ಏನಾಗುತ್ತದೆ ಎಂಬಂಥ ಪ್ರಶ್ನೆಗಳನ್ನು ಅವರು ಮುಂದಿಟ್ಟರು.

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳು ಸಮಾಧಾನಕರವಾಗಿರಲಿಲ್ಲ. ಅಸ್ತ್ರಕ್ಕೆ ಬಳಸಬಹುದಾದ ವಸ್ತುಗಳು ಖಾಸಗಿ ಕಾರ್ಖಾನೆಗಳಲ್ಲಿ ಸಾಧಾರಣ ಗೋದಾಮಿನಷ್ಟೇ ರಕ್ಷಣೆಯಲ್ಲಿದ್ದ ಉದಾಹರಣೆಗಳಿದ್ದವು. ಸಾಗಣೆಯು ಕೆಲವೊಮ್ಮೆ ಇತರ ಸರಕುಗಳಂತೆಯೇ ಸಾಮಾನ್ಯ ಲಾರಿಗಳಲ್ಲಿ ನಡೆಯುತ್ತಿತ್ತು. ಲೆಕ್ಕಪತ್ರಗಳ ವಿಷಯದಲ್ಲಿಯೂ ತೊಡಕಿತ್ತು. ಸಾವಿರಾರು ಕಿಲೋಗ್ರಾಂ ವಸ್ತುವನ್ನು ಸಂಸ್ಕರಿಸುವ ಕಾರ್ಖಾನೆಯಲ್ಲಿ ಕೊಳವೆ ಮತ್ತು ಪಾತ್ರೆಗಳಿಗೆ ಅಂಟಿಕೊಂಡು, ಅಳತೆಯ ದೋಷದಿಂದಾಗಿ, ಒಂದಿಷ್ಟು ವಸ್ತು ಲೆಕ್ಕಕ್ಕೆ ಸಿಗದೆ ಹೋಗುವುದು ಸಹಜ. ಆದರೆ ಆ ಪ್ರಮಾಣವೇ ಬಾಂಬಿಗೆ ಬೇಕಾಗುವ ಪ್ರಮಾಣವನ್ನು ಮೀರಿದರೆ, ಅದು ಕೊಳವೆಯಲ್ಲಿದೆಯೋ ಕಳ್ಳನ ಕೈಯಲ್ಲಿದೆಯೋ ಎಂದು ಲೆಕ್ಕಪುಸ್ತಕದಿಂದ ತಿಳಿಯಲಾಗದು. ಒಂದು ಸ್ಫೋಟಕ ಸಾಧನವನ್ನು ತಯಾರಿಸುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣವೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಗುರುತಿಸಿರುವುದು 8 ಕಿಲೋಗ್ರಾಂ ಪ್ಲುಟೋನಿಯಂ, ಅಥವಾ ಅತಿಸಂವರ್ಧಿತ ಯುರೇನಿಯಂನಲ್ಲಿ ಅಡಕವಾಗಿರುವ 25 ಕಿಲೋಗ್ರಾಂ ಯುರೇನಿಯಂ-235. ಇದರಿಂದ ಸಮಸ್ಯೆಯ ಗಾತ್ರವನ್ನು ಊಹಿಸಬಹುದು.

ಬಾಂಬು ತಯಾರಿಕೆಗೆ ಬೃಹತ್ ಸರ್ಕಾರಿ ಯೋಜನೆಯೇ ಬೇಕೆಂಬ ನಂಬಿಕೆಯನ್ನೂ ಟೇಲರ್ ಒಪ್ಪಲಿಲ್ಲ. ಅವರ ಅಭಿಪ್ರಾಯದಲ್ಲಿ ಅತ್ಯಂತ ಕಠಿಣವಾದ ಹಂತ ವಿದಳನಶೀಲ ವಸ್ತುವಿನ ಉತ್ಪಾದನೆ. ಅದು ಕಳ್ಳತನದಿಂದ ದೊರೆತುಬಿಟ್ಟರೆ ಉಳಿದ ಅಡೆತಡೆಗಳು ತುಲನಾತ್ಮಕವಾಗಿ ಚಿಕ್ಕವು. ಆದುದರಿಂದ ವಸ್ತುವನ್ನು ಕಾಯುವುದೇ ರಕ್ಷಣೆಯ ಮುಖ್ಯ ಗೋಡೆ ಎಂದು ಅವರು ವಾದಿಸಿದರು. 1964ರಿಂದ 1967ರವರೆಗೆ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಗುಪ್ತವಾಗಿ ನಡೆದ ಪ್ರಯೋಗವೊಂದರಲ್ಲಿ, ಅಸ್ತ್ರ ವಿನ್ಯಾಸದ ಅನುಭವವಿಲ್ಲದ ತರುಣ ಭೌತವಿಜ್ಞಾನಿಗಳು ಬಹಿರಂಗ ಮಾಹಿತಿಯನ್ನೇ ಆಧರಿಸಿ ಕಾಗದದ ಮೇಲೆ ನಂಬಲರ್ಹ ವಿನ್ಯಾಸವನ್ನು ರೂಪಿಸಿದ್ದರು.

1970ರ ದಶಕದ ಆರಂಭದ ಘಟನೆಗಳು ಈ ಆತಂಕಕ್ಕೆ ಪುಷ್ಟಿ ನೀಡಿದವು. 1972ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಒಲಿಂಪಿಕ್ ಕ್ರೀಡಾಕೂಟದ ಸಂದರ್ಭದಲ್ಲಿ ನಡೆದ ದಾಳಿಯು ಸಣ್ಣ ಸಶಸ್ತ್ರ ಗುಂಪೊಂದರ ಸಾಮರ್ಥ್ಯವನ್ನು ಜಗತ್ತಿಗೆ ತೋರಿಸಿತು. 1973ರ ಮಾರ್ಚ್‌ನಲ್ಲಿ ಅರ್ಜೆಂಟೀನಾದಲ್ಲಿ ನಿರ್ಮಾಣ ಹಂತದಲ್ಲಿದ್ದ ಅಟುಚಾ ಪರಮಾಣು ವಿದ್ಯುತ್ ಸ್ಥಾವರದೊಳಗೆ ಸಶಸ್ತ್ರ ಗೆರಿಲ್ಲಾಗಳು ನುಗ್ಗಿ, ಸ್ವಲ್ಪ ಕಾಲ ಅದನ್ನು ವಶದಲ್ಲಿಟ್ಟುಕೊಂಡು, ಕಾವಲುಗಾರರ ಆಯುಧಗಳನ್ನು ಕಿತ್ತುಕೊಂಡು ಹೋದರು.

ಕೃತಿಗಳು ಮತ್ತು ಸಾರ್ವಜನಿಕ ಚರ್ಚೆ

ಟೇಲರ್ ತಮ್ಮ ಆತಂಕವನ್ನು ಮೊದಲು ಅಧಿಕಾರಿಗಳ ಮುಂದೆಯೇ ಇಟ್ಟರು. ತಕ್ಕ ಸ್ಪಂದನೆ ದೊರೆಯದಿದ್ದಾಗ ಸಾರ್ವಜನಿಕರ ಮುಂದೆ ಹೋಗಲು ನಿರ್ಧರಿಸಿದರು. ಈ ನಿರ್ಧಾರ ಸುಲಭವಾಗಿರಲಿಲ್ಲ. ಸ್ಥಾವರಗಳ ದೌರ್ಬಲ್ಯವನ್ನು ಬಹಿರಂಗಪಡಿಸಿದರೆ ದುಷ್ಕರ್ಮಿಗಳಿಗೇ ದಾರಿ ತೋರಿಸಿದಂತಾಗಬಹುದು. ಮೌನವಾಗಿದ್ದರೆ ದೌರ್ಬಲ್ಯ ಹಾಗೆಯೇ ಉಳಿಯುತ್ತದೆ. ಅಣುಶಕ್ತಿ ಉದ್ಯಮವು ವೇಗವಾಗಿ ಬೆಳೆಯುತ್ತಿದ್ದು, ಪ್ಲುಟೋನಿಯಂ ವಾಣಿಜ್ಯ ಸರಕಾಗುವ ಮುನ್ನವೇ ಭದ್ರತೆ ಬಿಗಿಯಾಗಬೇಕೆಂಬ ಕಾರಣದಿಂದ ಅವರು ಎರಡನೆಯ ಅಪಾಯವನ್ನೇ ದೊಡ್ಡದೆಂದು ಪರಿಗಣಿಸಿದರು.

ಲೇಖಕ ಜಾನ್ ಮೆಕ್‌ಫೀ ಅವರು ಟೇಲರ್ ಅವರೊಡನೆ ಅಮೆರಿಕದ ವಿವಿಧ ಸ್ಥಾವರಗಳಿಗೆ ಪ್ರಯಾಣ ಮಾಡಿ ಬರೆದ ಲೇಖನಮಾಲೆಯು 1973ರ ಡಿಸೆಂಬರ್‌ನಲ್ಲಿ 'ದ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು 1974ರಲ್ಲಿ 'ದ ಕರ್ವ್ ಆಫ್ ಬೈಂಡಿಂಗ್ ಎನರ್ಜಿ' ಎಂಬ ಪುಸ್ತಕರೂಪ ಪಡೆದು ಟೇಲರ್ ಅವರ ಹೆಸರನ್ನು ಸಾಮಾನ್ಯ ಓದುಗರಿಗೂ ಪರಿಚಯಿಸಿತು. ಅದೇ ವರ್ಷ ವರ್ಜೀನಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಮೇಸನ್ ವಿಲ್ರಿಚ್ ಅವರೊಡನೆ ಟೇಲರ್ ರಚಿಸಿದ 'ನ್ಯೂಕ್ಲಿಯರ್ ಥೆಫ್ಟ್' ಗ್ರಂಥ ಹೊರಬಂದಿತು. ಫೋರ್ಡ್ ಪ್ರತಿಷ್ಠಾನದ ಇಂಧನ ನೀತಿ ಯೋಜನೆಗಾಗಿ ಸಿದ್ಧಪಡಿಸಿದ ಈ ಕೃತಿಯು ಇಂಧನ ಚಕ್ರದ ಪ್ರತಿ ಹಂತದಲ್ಲಿಯೂ ಕಳ್ಳತನದ ಸಾಧ್ಯತೆಯನ್ನು ಪರಿಶೀಲಿಸಿ, ಅದನ್ನು ತಡೆಯಬಲ್ಲ ಕ್ರಮಗಳನ್ನು ಸೂಚಿಸಿತು. ಭದ್ರತೆಯ ವೆಚ್ಚವು ಪರಮಾಣು ವಿದ್ಯುತ್ತಿನ ಒಟ್ಟು ವೆಚ್ಚದ ಅಲ್ಪ ಭಾಗ ಮಾತ್ರವೆಂಬುದು ಅದರ ವಾದಗಳಲ್ಲಿ ಒಂದು.

ಇದಕ್ಕೆ ವಿರೋಧವೂ ವ್ಯಕ್ತವಾಯಿತು. ಟೇಲರ್ ಅಪಾಯವನ್ನು ಉತ್ಪ್ರೇಕ್ಷಿಸುತ್ತಿದ್ದಾರೆಂದು ಉದ್ಯಮದ ಕೆಲವರು ಆಕ್ಷೇಪಿಸಿದರು. ಬಾಂಬು ತಯಾರಿಕೆ ಅವರು ಹೇಳುವಷ್ಟು ಸುಲಭವಲ್ಲ, ನುರಿತ ವಿನ್ಯಾಸಕಾರನಿಗೆ ಸರಳವಾಗಿ ಕಾಣುವುದು ಇತರರಿಗೆ ಹಾಗಿರುವುದಿಲ್ಲ ಎಂಬುದು ಕೆಲವು ಅಸ್ತ್ರ ತಜ್ಞರ ಅಭಿಪ್ರಾಯವಾಗಿತ್ತು. 1976ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಯೊಬ್ಬನು ಡೈಸನ್ ಅವರ ಮೇಲ್ವಿಚಾರಣೆಯಲ್ಲಿ ಬಹಿರಂಗ ದಾಖಲೆಗಳಿಂದಲೇ ಬಾಂಬಿನ ವಿನ್ಯಾಸ ಕುರಿತ ಪ್ರಬಂಧ ಬರೆದ ಸುದ್ದಿ ಪ್ರಕಟವಾದಾಗ ಈ ಚರ್ಚೆ ಮತ್ತಷ್ಟು ತೀವ್ರವಾಯಿತು. 1987ರಲ್ಲಿ ಟೇಲರ್, ಕಾರ್ಸನ್ ಮಾರ್ಕ್ ಹಾಗೂ ಇತರ ಮೂವರು ತಜ್ಞರು ಜೊತೆಯಾಗಿ ಪ್ರಕಟಿಸಿದ ಲೇಖನವು ಮಧ್ಯಮ ನಿಲುವನ್ನು ಮುಂದಿಟ್ಟಿತು. ವಿವಿಧ ಕ್ಷೇತ್ರಗಳಲ್ಲಿ ಪರಿಣತಿಯುಳ್ಳ ತಂಡ ಅಗತ್ಯವಾದುದರಿಂದ ಕಾರ್ಯ ಕಷ್ಟಸಾಧ್ಯ, ಆದರೆ ವಸ್ತು ದೊರೆತರೆ ಅಸಾಧ್ಯವಲ್ಲ ಎಂಬುದು ಅದರ ಸಾರಾಂಶ.

ನಿಯಮಗಳು ಮತ್ತು ತರಬೇತಿಯ ಮೇಲೆ ಪ್ರಭಾವ

1974ರ ಏಪ್ರಿಲ್‌ನಲ್ಲಿ ಸೆನೆಟರ್ ಅಬ್ರಹಾಂ ರಿಬಿಕಾಫ್ ಬಹಿರಂಗಪಡಿಸಿದ ರೋಸೆನ್‌ಬಾಮ್ ವರದಿಯು, ಪರಮಾಣು ಶಕ್ತಿ ಆಯೋಗಕ್ಕಾಗಿಯೇ ಸಿದ್ಧವಾಗಿದ್ದರೂ, ಅಸ್ತಿತ್ವದಲ್ಲಿದ್ದ ಭದ್ರತಾ ಕ್ರಮಗಳು ಸಾಲದೆಂದು ಹೇಳಿತು. 1975ರಲ್ಲಿ ಆಯೋಗದ ನಿಯಂತ್ರಣಾಧಿಕಾರವು ಹೊಸದಾಗಿ ರಚನೆಯಾದ ಪರಮಾಣು ನಿಯಂತ್ರಣ ಆಯೋಗಕ್ಕೆ ವರ್ಗವಾಯಿತು. ಸಶಸ್ತ್ರ ಕಾವಲು, ತಡೆಗೋಡೆಗಳು, ಸಾಗಣೆಯ ಬೆಂಗಾವಲು ಮುಂತಾದವುಗಳನ್ನು ಕುರಿತ ನಿಯಮಗಳು ಆ ದಶಕದಲ್ಲಿ ಹಂತಹಂತವಾಗಿ ಬಿಗಿಯಾದವು.

ಈ ನಿಯಮಗಳ ತಿರುಳಾಗಿ 'ವಿನ್ಯಾಸಾಧಾರ ಬೆದರಿಕೆ' ಎಂಬ ಪರಿಕಲ್ಪನೆ ರೂಪುಗೊಂಡಿತು. ಒಂದು ಸ್ಥಾವರದ ರಕ್ಷಣಾ ವ್ಯವಸ್ಥೆಯು ಯಾವ ಬಗೆಯ ಎದುರಾಳಿಯನ್ನು ತಡೆಯಬಲ್ಲದಾಗಿರಬೇಕು ಎಂಬುದನ್ನು ಮೊದಲೇ ಲಿಖಿತವಾಗಿ ನಿರ್ಧರಿಸುವುದು ಇದರ ಅರ್ಥ. ಎದುರಾಳಿಗಳ ಸಂಖ್ಯೆ, ಉದ್ದೇಶ, ಆಯುಧ, ವಾಹನ, ತಾಂತ್ರಿಕ ಕೌಶಲ ಮತ್ತು ಒಳಗಿನವರ ಸಹಾಯ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಕಳ್ಳನ ಸ್ಥಾನದಲ್ಲಿ ನಿಂತು ಟೇಲರ್ ಕೇಳುತ್ತಿದ್ದ ಪ್ರಶ್ನೆಗಳೂ ಇವೇ ಆಗಿದ್ದವು.

ಅಂತರರಾಷ್ಟ್ರೀಯ ಮಟ್ಟದಲ್ಲಿ, ಪರಮಾಣು ಶಕ್ತಿ ಸಂಸ್ಥೆಯು ಭೌತಿಕ ರಕ್ಷಣೆಯನ್ನು ಕುರಿತ ಮೊದಲ ಶಿಫಾರಸುಗಳನ್ನು 1972ರಲ್ಲಿ ಪ್ರಕಟಿಸಿ 1975ರಲ್ಲಿ ಪರಿಷ್ಕರಿಸಿತು. ಪರಮಾಣು ವಸ್ತುಗಳ ಭೌತಿಕ ರಕ್ಷಣೆಯ ಒಡಂಬಡಿಕೆಯು 1980ರ ಮಾರ್ಚ್ 3ರಂದು ಸಹಿಗಾಗಿ ತೆರೆಯಲ್ಪಟ್ಟು 1987ರಲ್ಲಿ ಜಾರಿಗೆ ಬಂದಿತು. ಭಾರತವು 2002ರಲ್ಲಿ ಇದನ್ನು ಸೇರಿತು. ಮೂಲ ಒಡಂಬಡಿಕೆಯು ಮುಖ್ಯವಾಗಿ ಅಂತರರಾಷ್ಟ್ರೀಯ ಸಾಗಣೆಗೆ ಸೀಮಿತವಾಗಿತ್ತು. 2005ರ ತಿದ್ದುಪಡಿಯು ದೇಶದೊಳಗಿನ ಸ್ಥಾವರಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಈ ತಿದ್ದುಪಡಿ ಜಾರಿಗೆ ಬಂದದ್ದು 2016ರಲ್ಲಿ.

ನಿಯಮಗಳನ್ನು ರಚಿಸಿದರಷ್ಟೇ ಸಾಲದು, ಅವುಗಳನ್ನು ಅನ್ವಯಿಸಬಲ್ಲ ಅಧಿಕಾರಿಗಳೂ ಬೇಕು. ಭಾರತದ 1974ರ ಪೋಖರಣ್ ಪರೀಕ್ಷೆಯ ನಂತರದ ಚರ್ಚೆಗಳ ಫಲವಾಗಿ ಅಮೆರಿಕದಲ್ಲಿ 1978ರ ಪರಮಾಣು ಪ್ರಸರಣ ತಡೆ ಕಾಯಿದೆ ಬಂದಿತು. ವಿದೇಶಗಳ ಅಧಿಕಾರಿಗಳಿಗೆ ಸುರಕ್ಷೋಪಾಯ ಹಾಗೂ ಭೌತಿಕ ಭದ್ರತೆಯಲ್ಲಿ ತರಬೇತಿ ನೀಡಬೇಕೆಂದು ಆ ಕಾಯಿದೆಯೇ ವಿಧಿಸಿತು. ಅದರಂತೆ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರದ ಸ್ಯಾಂಡಿಯಾ ಪ್ರಯೋಗಾಲಯವು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಹಯೋಗದಲ್ಲಿ 1978ರಿಂದ ಅಂತರರಾಷ್ಟ್ರೀಯ ತರಬೇತಿ ಶಿಬಿರವನ್ನು ನಡೆಸತೊಡಗಿತು.

ಈ ತರಬೇತಿಯ ಪಠ್ಯಕ್ರಮವನ್ನು ರೂಪಿಸಿದವರು ಸ್ಯಾಂಡಿಯಾದ ಎಂಜಿನಿಯರುಗಳು. ಬೆದರಿಕೆಯನ್ನು ಗುರುತಿಸುವುದು, ರಕ್ಷಿಸಬೇಕಾದ ಗುರಿಗಳನ್ನು ಪಟ್ಟಿಮಾಡುವುದು, ರಕ್ಷಣಾ ವ್ಯವಸ್ಥೆಯನ್ನು ವಿನ್ಯಾಸಗೊಳಿಸುವುದು ಮತ್ತು ಅದರ ಪರಿಣಾಮವನ್ನು ಅಳೆಯುವುದು ಅದರ ಕ್ರಮ. ಪತ್ತೆ, ವಿಳಂಬ, ಪ್ರತಿಕ್ರಿಯೆ ಎಂಬ ಮೂರು ಅಂಶಗಳು ರಕ್ಷಣೆಯ ಆಧಾರಸ್ತಂಭಗಳು. ಒಳನುಸುಳುವಿಕೆ ಪತ್ತೆಯಾದ ಕ್ಷಣದಿಂದ ಎದುರಾಳಿಯು ತನ್ನ ಗುರಿಯನ್ನು ಸಾಧಿಸಲು ತಗಲುವ ಕಾಲಕ್ಕಿಂತ, ಸಶಸ್ತ್ರ ಪಡೆಯು ಬಂದು ಅವನನ್ನು ತಡೆಯಲು ತಗಲುವ ಕಾಲ ಕಡಿಮೆಯಿರಬೇಕು. ಪತ್ತೆಯಾಗುವುದಕ್ಕೆ ಮುಂಚೆ ಎದುರಾಗುವ ಬೇಲಿ ಎಷ್ಟೇ ಬಲವಾಗಿದ್ದರೂ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಏಕೆಂದರೆ ಯಾರಿಗೂ ತಿಳಿಯದಂತೆ ಅದನ್ನು ನಿಧಾನವಾಗಿ ಕತ್ತರಿಸಬಹುದು.

ಅಂತರರಾಷ್ಟ್ರೀಯ ಸಂಸ್ಥೆಯ ಶಿಫಾರಸುಗಳ 1999ರ ಪರಿಷ್ಕರಣೆಯಲ್ಲಿ ವಿನ್ಯಾಸಾಧಾರ ಬೆದರಿಕೆಗೆ ಸ್ಪಷ್ಟ ಸ್ಥಾನ ದೊರೆಯಿತು. ಅದನ್ನು ರೂಪಿಸುವ ಕ್ರಮವನ್ನು ವಿವಿಧ ದೇಶಗಳ ಗುಪ್ತಚರ, ಪೊಲೀಸ್, ನಿಯಂತ್ರಣ ಸಂಸ್ಥೆ ಹಾಗೂ ಸ್ಥಾವರಗಳ ಅಧಿಕಾರಿಗಳಿಗೆ ಒಟ್ಟಿಗೆ ಕಲಿಸುವ ಕಾರ್ಯಾಗಾರಗಳನ್ನು ಸಂಸ್ಥೆಯು ನಡೆಸುತ್ತಾ ಬಂದಿದೆ. ಈ ವಿಷಯದ ಮಾರ್ಗದರ್ಶಿಯನ್ನು 2009ರಲ್ಲಿ ಪ್ರಕಟಿಸಿ, 2021ರಲ್ಲಿ ಪರಿಷ್ಕರಿಸಿತು.

ಕೊನೆಯ ವರ್ಷಗಳು

1970ರ ದಶಕದ ಉತ್ತರಾರ್ಧದಲ್ಲಿ ಟೇಲರ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಬೋಧನೆ ಮಾಡಿದರು. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಸಂಭವಿಸಿದ ಅಪಘಾತದ ತನಿಖೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ಕೆಮೆನಿ ಆಯೋಗದ 12 ಸದಸ್ಯರಲ್ಲಿ ಅವರೂ ಒಬ್ಬರು. ನಂತರದ ವರ್ಷಗಳಲ್ಲಿ ಅವರ ಗಮನ ನವೀಕರಿಸಬಹುದಾದ ಇಂಧನದತ್ತ ಹರಿಯಿತು. ಚಳಿಗಾಲದಲ್ಲಿ ನೀರನ್ನು ಸಿಂಪಡಿಸಿ ಮಂಜುಗಡ್ಡೆಯ ಕೊಳಗಳನ್ನು ನಿರ್ಮಿಸಿ, ಬೇಸಿಗೆಯಲ್ಲಿ ಕಟ್ಟಡಗಳನ್ನು ತಂಪಾಗಿಡಲು ಅದನ್ನು ಬಳಸುವ ಪ್ರಯೋಗಗಳನ್ನು ನಡೆಸಿದರು. ಪರಮಾಣು ಅಸ್ತ್ರಗಳ ಸಂಪೂರ್ಣ ನಿರ್ಮೂಲನೆಯನ್ನು ಪ್ರತಿಪಾದಿಸಿದರಲ್ಲದೆ, ಕೊನೆಗೆ ಪರಮಾಣು ವಿದ್ಯುತ್ತನ್ನೂ ಕೈಬಿಡಬೇಕೆಂಬ ನಿಲುವಿಗೆ ಬಂದರು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅವರ ಹಿಂದಿನ ಎಚ್ಚರಿಕೆಗಳು ಮತ್ತೆ ಸ್ಮರಣೆಗೆ ಬಂದವು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಭಯೋತ್ಪಾದಕರ ಗುರಿಯಾಗಬಹುದೆಂಬ ಸಾಧ್ಯತೆಯನ್ನು ಅವರು ಮೆಕ್‌ಫೀ ಅವರ ಪುಸ್ತಕದಲ್ಲಿಯೇ ಚರ್ಚಿಸಿದ್ದರು.

ಟೇಲರ್ 2004ರ ಅಕ್ಟೋಬರ್ 28ರಂದು ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಹೃದ್ರೋಗದಿಂದ ನಿಧನರಾದರು. ಆಗ ಅವರಿಗೆ 79 ವರ್ಷ ವಯಸ್ಸಾಗಿತ್ತು. ಅವರಿಗೆ ಐವರು ಮಕ್ಕಳು.

ಮೌಲ್ಯಮಾಪನ

ಟೇಲರ್ ಅವರ ಜೀವನವನ್ನು ಇತಿಹಾಸಕಾರರು ಎರಡು ಬಗೆಗಳಲ್ಲಿ ನೋಡುತ್ತಾರೆ. ಓರಿಯನ್ ಯೋಜನೆಯ ಕನಸುಗಾರನಾಗಿ ಅವರು ಅಂತರಿಕ್ಷಯಾನದ ಇತಿಹಾಸದಲ್ಲಿ ಸ್ಥಾನ ಪಡೆದಿದ್ದಾರೆ. ಜಾರ್ಜ್ ಡೈಸನ್ ಅವರು 2002ರಲ್ಲಿ ಪ್ರಕಟಿಸಿದ ಕೃತಿಯು ಈ ಅಧ್ಯಾಯವನ್ನು ವಿವರವಾಗಿ ದಾಖಲಿಸಿದೆ. ಪರಮಾಣು ಭದ್ರತೆಯ ಕ್ಷೇತ್ರದಲ್ಲಿ ಅವರ ಕೊಡುಗೆ ಬೇರೆ ಬಗೆಯದು. ಅವರು ಊಹಿಸಿದ ದುರಂತ, ಅಂದರೆ ಕದ್ದ ವಸ್ತುವಿನಿಂದ ತಯಾರಿಸಿದ ಬಾಂಬಿನ ಸ್ಫೋಟ, ಎಲ್ಲಿಯೂ ಸಂಭವಿಸಿಲ್ಲ. ಅವರು ಅಪಾಯವನ್ನು ಹಿಗ್ಗಿಸಿ ಹೇಳಿದ್ದರು ಎಂಬುದಕ್ಕೆ ಇದು ಸಾಕ್ಷಿಯೆಂದು ಕೆಲವರು ಭಾವಿಸಿದರೆ, ಅವರ ಎಚ್ಚರಿಕೆಯ ನಂತರ ಬಿಗಿಯಾದ ಕಾವಲಿನ ಫಲವೆಂದು ಇನ್ನು ಕೆಲವರು ಭಾವಿಸುತ್ತಾರೆ. ಈ ಪ್ರಶ್ನೆಯನ್ನು ನಿರ್ಣಾಯಕವಾಗಿ ಬಗೆಹರಿಸಲು ಸಾಧ್ಯವಿಲ್ಲ. ಭದ್ರತೆ ಯಶಸ್ವಿಯಾದಾಗ ತೋರಿಸಲು ಯಾವ ಘಟನೆಯೂ ಉಳಿಯುವುದಿಲ್ಲ ಎಂಬುದು ಆ ಕ್ಷೇತ್ರದ ಸ್ವಭಾವವೇ ಆಗಿದೆ. ಬೆದರಿಕೆಯನ್ನು ಲೆಕ್ಕಪತ್ರದಿಂದಲ್ಲ, ಎದುರಾಳಿಯ ಸಾಮರ್ಥ್ಯದಿಂದ ಅಳೆಯಬೇಕೆಂಬ ಅವರ ಒತ್ತಾಯವು ಇಂದು ಅಂತರರಾಷ್ಟ್ರೀಯ ತರಬೇತಿಗಳಲ್ಲಿ ಆರಂಭಿಕ ಪಾಠವಾಗಿ ಉಳಿದಿದೆ.